ವೆಸ್ಟ್ ಪಾಯಿಂಟ್‌ನಲ್ಲಿ ಒಂದು ರಾತ್ರಿ: ಮಕ್ಕಳನ್ನು ಬಿಟ್ಟು ಬರುವ ಮುಂಚೆ ಗೊತ್ತಿರಬೇಕಾದದ್ದು

ನಮ್ಮ ಮಗಳು ಅಮೆರಿಕದ ಸೈನ್ಯಾಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯಾದ ವೆಸ್ಟ್ ಪಾಯಿಂಟ್‌ಗೆ ಅರ್ಜಿ ಹಾಕುತ್ತೇನೆ ಎಂದಾಗ ಮನೆಯಲ್ಲಿ ಬಂದ ಮೊದಲ ಮಾತು, "ಯಾಕೆ, ಎಂಜಿನಿಯರಿಂಗ್ ಸಿಗಲ್ವಾ?" ಅಂದದ್ದು ನಾನೇ. 1802ರಲ್ಲಿ ಶುರುವಾದ ಆ ಅಕಾಡೆಮಿಯೇ ಅಮೆರಿಕದ ಮೊದಲ ಎಂಜಿನಿಯರಿಂಗ್ ಶಾಲೆ ಎಂದು ಆಮೇಲೆ ಗೊತ್ತಾಗಿ ಬಾಯಿ ಮುಚ್ಚಿಕೊಂಡೆ. ಮೈಸೂರಿನಿಂದ ಅಜ್ಜಿ ಫೋನಿನಲ್ಲಿ "ಹುಡುಗಿ ಮಿಲಿಟರಿಗಾ?" ಎಂದು ಒಂದೇ ಮಾತು ಕೇಳಿ ಸುಮ್ಮನಾದರು.

ಅಲ್ಲಿಗೆ ಅರ್ಜಿ ಹಾಕುವ ಮಕ್ಕಳಿಗೆ ಒಂದು ರಾತ್ರಿ ಅಲ್ಲೇ ಇದ್ದು ನೋಡುವ ಅವಕಾಶ ಕೊಡುತ್ತಾರೆ. ಕೆಡೆಟ್, ಅಂದರೆ ಅಲ್ಲಿನ ವಿದ್ಯಾರ್ಥಿ, ಒಬ್ಬರ ಜೊತೆ ಅವರ ಕೋಣೆಯಲ್ಲಿ ಮಲಗಿ, ಅವರ ಜೊತೆ ಊಟ ಮಾಡಿ, ಮರುದಿನ ಅವರ ಹಿಂದೆಯೇ ತರಗತಿಗೆ ಹೋಗಿ ಬರುವುದು. ನಾವು ಹೋಗುವಾಗ ಕನ್ನಡದಲ್ಲಿ ಹೇಳುವವರು ಯಾರೂ ಇರಲಿಲ್ಲ. ಈಗ ನ್ಯೂಜೆರ್ಸಿಯ ಪರಿಚಯದವರು ಇಬ್ಬರು ಮೂವರು ಕೇಳಿದ್ದಾರೆ, ಪ್ರತಿಯೊಬ್ಬರಿಗೂ ಒಂದು ಗಂಟೆ ಫೋನಿನಲ್ಲಿ ಹೇಳುವ ಬದಲು ಬರೆದೇ ಬಿಡೋಣ ಎಂದು ಕೂತೆ.

ಮೊದಲು ಇದನ್ನು ತಲೆಯಿಂದ ತೆಗೆಯಿರಿ

ಇದು ಇಂಟರ್‌ವ್ಯೂ ಅಲ್ಲ. ನಮ್ಮವರು ಇಲ್ಲೇ ಎಡವುವುದು. ನನ್ನ ಅಕ್ಕನ ಮಗ ಎನ್‌ಡಿಎಗೆ (ಭಾರತದ ಸೇನಾ ಅಕಾಡೆಮಿ) ಎಸ್‌ಎಸ್‌ಬಿ (ಅದರ ಆಯ್ಕೆ ಸಂದರ್ಶನ) ಎಂದು ಬೆಂಗಳೂರಿನಲ್ಲಿ 5 ದಿನ ಇದ್ದು ಬಂದವನು. ಅಲ್ಲಿ ಎದೆಗೆ ನಂಬರ್ ಕಟ್ಟಿಕೊಂಡು ಓಡಾಡಬೇಕು, ಮೊದಲ ದಿನದ ಸ್ಕ್ರೀನಿಂಗ್‌ನಲ್ಲೇ ಎಷ್ಟೋ ಜನರನ್ನು ವಾಪಸ್ ಕಳಿಸುತ್ತಾರೆ, ಚಿತ್ರ ತೋರಿಸಿ ಕತೆ ಬರೆಸುತ್ತಾರೆ, ಹಗ್ಗ ಹಲಗೆ ಕೊಟ್ಟು ಅಡ್ಡಿ ದಾಟಿಸುತ್ತಾರೆ. ಅದು ಪರೀಕ್ಷೆ. ಅವನು ನನ್ನ ಮಗಳಿಗೆ ಫೋನ್ ಮಾಡಿ ಅರ್ಧ ಗಂಟೆ ತರಬೇತಿಯನ್ನೂ ಕೊಟ್ಟ, ಪಾಪ. ಅದರಲ್ಲಿ ಒಂದೂ ಬೇಕಾಗಲಿಲ್ಲ.

ಇಲ್ಲಿ ಮಗುವೇ ಅಕಾಡೆಮಿಯನ್ನು ನೋಡಲು ಹೋಗುವುದು. ಹೆಣ್ಣು ನೋಡುವ ಶಾಸ್ತ್ರ ತಿರುಗುಮುರುಗು ಆದ ಹಾಗೆ. ಹಾಗೆಂದು ಹೇಗೆ ಬೇಕಾದರೂ ಇರಬಹುದು ಎಂದಲ್ಲ. ಕುಡಿಯುವುದು, ಒರಟಾಗಿ ನಡೆದುಕೊಳ್ಳುವುದು ಇಂಥದ್ದು ಮಾಡಿದರೆ ಅದು ಅಡ್ಮಿಷನ್ ಆಫೀಸಿನ ಕಿವಿಗೆ ಬೀಳದೆ ಇರುವುದಿಲ್ಲ. ಆದರೆ "ಚೆನ್ನಾಗಿ ಕಾಣಿಸಿಕೋ" ಎಂದು ತಲೆಗೆ ತುಂಬಿ ಕಳಿಸಿದರೆ ಮಗು ಪೂರ್ತಿ 24 ಗಂಟೆ ನಾಟಕ ಆಡಿ, ಏನನ್ನೂ ನೋಡದೆ ವಾಪಸ್ ಬರುತ್ತದೆ.

ಹೋಗಬಹುದಾ ಎಂದು ನೋಡಿಕೊಳ್ಳಿ

ನಮ್ಮ ಮನೆಗಳಿಗೆ ಬಹಳ ಮುಖ್ಯವಾದದ್ದು ಪೌರತ್ವ. ಅಮೆರಿಕದ ಪೌರತ್ವ ಇರಲೇಬೇಕು. ಗ್ರೀನ್ ಕಾರ್ಡ್ ಸಾಲದು, ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿ ಬೆಳೆದ ಮಗುವಿಗೆ ಈ ದಾರಿ ಇಲ್ಲ. ಸೇರುವ ವರ್ಷದ ಜುಲೈ 1ಕ್ಕೆ 17 ತುಂಬಿರಬೇಕು, 23 ದಾಟಿರಬಾರದು, ಮದುವೆ ಆಗಿರಬಾರದು.

ಇನ್ನೊಂದು ಸಂಗತಿ, ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ವಿದೇಶಿ ಸೈನ್ಯದಲ್ಲಿ ಇರುವವರಿಗೂ ಅಲ್ಲಿಂದ ನಿವೃತ್ತರಾದವರಿಗೂ ಓಸಿಐ, ಅಂದರೆ ವೀಸಾ ಇಲ್ಲದೆ ಭಾರತಕ್ಕೆ ಹೋಗಿ ಬರುವ ಕಾರ್ಡ್, ಕೊಡುವುದಿಲ್ಲ ಎನ್ನುವುದು ಭಾರತ ಸರ್ಕಾರದ ನಿಯಮ. ಪ್ರತಿ ಬೇಸಿಗೆಗೆ ಮೈಸೂರಿಗೆ ಹೋಗುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ಈಗಾಗಲೇ ಕೈಯಲ್ಲಿ ಓಸಿಐ ಇದ್ದರೆ ಏನು ಎನ್ನುವುದನ್ನು ಕಾನ್ಸುಲೇಟ್‌ನಲ್ಲೇ ಕೇಳಿ, ವಾಟ್ಸಾಪ್ ಗ್ರೂಪಿನಲ್ಲಿ ಕೇಳಬೇಡಿ.

ರಾತ್ರಿ ತಂಗುವ ಈ ಭೇಟಿ ಎಲ್ಲರಿಗೂ ಸಿಗುವುದಿಲ್ಲ. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದು ಅರ್ಜಿಯ ಕೆಲಸ ಸಾಕಷ್ಟು ಮುಂದೆ ಹೋಗಿರುವವರಿಗೆ ಸಾಮಾನ್ಯವಾಗಿ ಅವಕಾಶ. ಹಾಗಾಗಿ ಮೊದಲು ಅರ್ಜಿ ತುಂಬಿ, ಆಮೇಲೆ ದಿನಾಂಕದ ಯೋಚನೆ. ಜೊತೆಗೇ ನಾಮಿನೇಷನ್ ಕೆಲಸವನ್ನೂ ಶುರು ಮಾಡಿರಬೇಕು. ನಿಮ್ಮ ಕ್ಷೇತ್ರದ ಸಂಸದರು, ರಾಜ್ಯದ ಇಬ್ಬರು ಸೆನೆಟರ್‌ಗಳು, ಇವರಲ್ಲಿ ಯಾರಾದರೂ ಹೆಸರು ಸೂಚಿಸಬೇಕು. ಒಬ್ಬ ಸಂಸದರ ಲೆಕ್ಕದಲ್ಲಿ ಒಂದು ಅಕಾಡೆಮಿಯಲ್ಲಿ ಒಂದೇ ಕಾಲಕ್ಕೆ 5 ಜನ ಮಾತ್ರ ಇರಬಹುದು. ಇದು ನಮ್ಮೂರಿನ ಎಂಎಲ್‌ಎ ಶಿಫಾರಸಿನ ಪತ್ರದ ತರ ಅಲ್ಲ, ಅದಕ್ಕೂ ಬೇರೆ ಅರ್ಜಿ, ಪ್ರಬಂಧ, ಎಷ್ಟೋ ಕಡೆ ಸಂದರ್ಶನ ಎಲ್ಲಾ ಇರುತ್ತದೆ. ಅದು ಇನ್ನೊಂದು ಲೇಖನಕ್ಕಾಗುವಷ್ಟಿದೆ, ಬಿಡಿ.

ಯಾವಾಗ ಹೋಗುವುದು

ಎಲ್ಲರೂ ಅಕ್ಟೋಬರ್‌ನಲ್ಲಿ ಹೋಗಲು ನೋಡುತ್ತಾರೆ. ಹಡ್ಸನ್ ನದಿಯ ಎರಡೂ ದಡದಲ್ಲಿ ಎಲೆಗಳು ಕೆಂಪು, ಹಳದಿ. ಫುಟ್‌ಬಾಲ್, ಪರೇಡ್. ಮರುಳಾಗದೆ ಇರುವುದು ಕಷ್ಟ.

ನನ್ನನ್ನು ಕೇಳಿದರೆ ಚಳಿಗಾಲದಲ್ಲಿ ಹೋಗುವುದೇ ಒಳ್ಳೆಯದು. ಕ್ರಿಸ್‌ಮಸ್ ರಜೆ ಮುಗಿದ ಮೇಲೆ ವಸಂತದ ತನಕದ ಕಾಲಕ್ಕೆ ಕೆಡೆಟ್‌ಗಳೇ "ಗ್ಲೂಮ್ ಪೀರಿಯಡ್" ಎಂದು ಹೆಸರಿಟ್ಟಿದ್ದಾರೆ. ಕಲ್ಲಿನ ಕಟ್ಟಡ ಬೂದು, ಆಕಾಶ ಬೂದು, ನದಿ ಬೂದು, ಹಾಕಿಕೊಳ್ಳುವ ಯೂನಿಫಾರ್ಮೂ ಬೂದು. ಆ ಹೊತ್ತಿನಲ್ಲಿ ಹೋಗಿ ಬಂದು "ಆದರೂ ಬೇಕು" ಎಂದರೆ ಅದನ್ನು ನಂಬಬಹುದು. ಒಂದೇ ತೊಡಕು, ಅರ್ಜಿಯ ಕೊನೆಯ ದಿನಾಂಕಗಳು ಆಗಲೇ ಬಂದಿರುತ್ತವೆ, ಆದ್ದರಿಂದ ಅಷ್ಟರೊಳಗೆ ಕಾಗದಪತ್ರ ಮುಗಿಸಿರಬೇಕು. ನಾವು ಹೋದದ್ದು ನವೆಂಬರ್ ಕೊನೆಯಲ್ಲಿ, ಎಲೆಯೂ ಇಲ್ಲ ಹಿಮವೂ ಇಲ್ಲ, ಸುಮ್ನೆ ಚಳಿ.

ವಾರದ ದಿನ ಹೋಗುವುದಾದರೆ ಶಾಲೆಗೆ ಮೊದಲೇ ತಿಳಿಸಿ. ಕಾಲೇಜು ನೋಡಲು ಹೋಗುವುದಕ್ಕೆ ಎಷ್ಟೋ ಶಾಲೆಗಳು ರಜೆ ಲೆಕ್ಕ ಹಾಕುವುದಿಲ್ಲ, ಒಂದು ಚೀಟಿ ಬೇಕಾಗುತ್ತದೆ ಅಷ್ಟೆ.

ಚೀಲದಲ್ಲಿ ಏನಿರಬೇಕು

ಚೀಲ ಒಂದೇ ಇರಲಿ, ಬೆನ್ನಿಗೆ ಹಾಕಿಕೊಳ್ಳುವಂಥದ್ದು. ಚಕ್ರದ ಸೂಟ್‌ಕೇಸ್ ಬೇಡ. ಜಾಗ ಪೂರ್ತಿ ಏರು ಇಳಿವು, ಮೆಟ್ಟಿಲೋ ಮೆಟ್ಟಿಲು, ಮಡಿಕೇರಿಯಲ್ಲಿ ನಡೆದಾಡಿದ ಹಾಗೆ. ಮೇಲಾಗಿ ಕೆಡೆಟ್‌ಗಳು ನಡೆಯುವ ವೇಗಕ್ಕೆ ಹೊಂದಿಕೊಳ್ಳಬೇಕು, ಅವರಿಗೆ ನಿಧಾನ ಎನ್ನುವುದೇ ಗೊತ್ತಿಲ್ಲ.

ಬಟ್ಟೆ ಎಂದರೆ ಕಾಲರ್ ಇರುವ ಅಂಗಿ, ನೀಟಾದ ಪ್ಯಾಂಟ್, ಬೆಲ್ಟ್. ಹರಿದ ಜೀನ್ಸ್ ಬೇಡ, ಮಿಲಿಟರಿ ಬಣ್ಣದ ಬಟ್ಟೆ ಅಂತೂ ಬೇಡವೇ ಬೇಡ. ಬಟ್ಟೆಗಿಂತ ಶೂ ಮುಖ್ಯ, ಹೊಸ ಶೂ ಹಾಕಿ ಕಳಿಸಬೇಡಿ. ದಪ್ಪ ಜಾಕೆಟ್ ಇರಲಿ, ನದಿಯ ಗಾಳಿ ಮೂಳೆಗೆ ಇಳಿಯುತ್ತದೆ. ಆಟದ ಬಟ್ಟೆ ಒಂದು ಜೊತೆ, ಟವೆಲ್, ಬಾತ್‌ರೂಮಿಗೆ ಚಪ್ಪಲಿ. ಸ್ಲೀಪಿಂಗ್ ಬ್ಯಾಗ್ ತರಬೇಕಾ ಎಂದು ಅಡ್ಮಿಷನ್ ಆಫೀಸಿನ ಮೇಲ್‌ನಲ್ಲಿ ಹೇಳಿರದಿದ್ದರೆ ಬರೆದು ಕೇಳಿ. ದಿನಾ ತೆಗೆದುಕೊಳ್ಳುವ ಔಷಧಿ ಇದ್ದರೆ ಅದರ ಡಬ್ಬಿಯಲ್ಲೇ ಇರಲಿ.

ಗುರುತಿನ ಚೀಟಿ! ನಮ್ಮಿಂದಲೇ ಆದ ಯಡವಟ್ಟು ಇದು. ಮಗಳ ಪಾಸ್‌ಪೋರ್ಟನ್ನು ಜೋಪಾನವಾಗಿ ಇಟ್ಟುಕೊಂಡ ನಾನು ನನ್ನ ಪರ್ಸನ್ನು ಮನೆಯ ಅಡುಗೆಕಟ್ಟೆ ಮೇಲೆ ಬಿಟ್ಟು ಹೊರಟಿದ್ದೆ. ಅರ್ಧ ದಾರಿಯಲ್ಲಿ ನೆನಪಾಗಿ ತಿರುಗಿ ಬಂದೆವು. ಅದು ಸೈನ್ಯದ ನೆಲ. ದೊಡ್ಡವರೆಲ್ಲರೂ ರಿಯಲ್ ಐಡಿ ಇರುವ ಲೈಸೆನ್ಸ್ ಅಥವಾ ಪಾಸ್‌ಪೋರ್ಟ್ ತೋರಿಸಬೇಕು, ಹಿನ್ನೆಲೆ ಪರಿಶೀಲಿಸಿ ಪಾಸ್ ಕೊಡುತ್ತಾರೆ. ಭಾರತದ ಪಾಸ್‌ಪೋರ್ಟ್‌ನಲ್ಲಿರುವ ಅಜ್ಜ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋಗುವ ಆಸೆ ಇದ್ದರೆ ಮೊದಲೇ ಕೇಳಿಕೊಳ್ಳಿ, ಗೇಟಿನ ಹತ್ತಿರ ಹೋಗಿ ಕೇಳುವುದಲ್ಲ.

ತಿಂಡಿ ಕೊಡಿ, ಆದರೆ ಲೆಕ್ಕದಲ್ಲಿ ಕೊಡಿ. ಡಬ್ಬಿ ಬಿಚ್ಚಿದರೆ ಕೋಣೆಯೆಲ್ಲಾ ಘಮ್ ಎನ್ನುವಂಥದ್ದು ಬೇಡ. ನಾನು ಕೋಡುಬಳೆ ಕಟ್ಟಿ ಕೊಟ್ಟಿದ್ದೆ. ಅದು ರಾತ್ರಿ ಕೋಣೆಯಲ್ಲಿ ಖಾಲಿಯಾದ ಕತೆಯನ್ನು ಮಗಳು ಈಗಲೂ ಹೇಳುತ್ತಾಳೆ. ಮೊದಲ ವರ್ಷದ ಕೆಡೆಟ್‌ಗಳು ಯಾವಾಗಲೂ ಹಸಿದಿರುತ್ತಾರೆ.

ಬಿಟ್ಟು ಬರುವುದು

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ನ್ಯೂಜೆರ್ಸಿ ಕಡೆಯಿಂದ ಹೋಗುವವರು ಪ್ಯಾಲಿಸೇಡ್ಸ್ ಪಾರ್ಕ್‌ವೇ ಹಿಡಿದು ಬೇರ್ ಮೌಂಟನ್ ತನಕ ಹೋಗಿ ಅಲ್ಲಿಂದ ಹೈಲ್ಯಾಂಡ್ ಫಾಲ್ಸ್ ಎನ್ನುವ ಸಣ್ಣ ಊರಿಗೆ ಬಂದರೆ ಗೇಟು ಅಲ್ಲೇ. ಮೇಲ್‌ನಲ್ಲಿ ಹೇಳಿದ ಜಾಗಕ್ಕೆ ಅರ್ಧ ಗಂಟೆ ಮುಂಚೆಯೇ ಹೋಗಿ.

ಕೆಡೆಟ್ ಬಂದು ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಹುಡುಗಿಗೆ ಹುಡುಗಿಯೇ ಹೋಸ್ಟ್. ಆಗ ಅಪ್ಪ ಅಮ್ಮ ಮಾಡಬೇಕಾದದ್ದು "ಹೋಗಿ ಬಾ" ಎನ್ನುವುದು, ಅಷ್ಟೆ. ನನ್ನ ಗಂಡ ಆ ಹುಡುಗಿಗೆ "ಇವಳು ವೆಜಿಟೇರಿಯನ್, ಮೊಟ್ಟೆ ತಿಂತಾಳೆ, ರಾತ್ರಿ ಬೇಗ ನಿದ್ದೆ ಬರಲ್ಲ" ಎಂದು ಶುರು ಮಾಡಿದರು. ಅವಳು ನೆಟ್ಟಗೆ ನಿಂತು ಪ್ರತಿ ಮಾತಿಗೂ "ಯೆಸ್ ಸರ್" ಅನ್ನುತ್ತಿದ್ದಳು. ಮಗಳ ಮುಖ ನೋಡಲಾಗುತ್ತಿರಲಿಲ್ಲ.

ಆಮೇಲೆ ನಿಮಗೆ ಕೈಯಲ್ಲಿ ಒಂದು ದಿನ ಇರುತ್ತದೆ. ವಿಸಿಟರ್ ಸೆಂಟರ್‌ನಿಂದ ಬಸ್ಸಿನಲ್ಲಿ ಒಳಗೆಲ್ಲಾ ತೋರಿಸುವ ಟೂರ್ ಇದೆ, ಪಕ್ಕದ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಟ್ರೋಫಿ ಪಾಯಿಂಟ್ ಎನ್ನುವ ಕಡೆ ಒಂದು ಕಬ್ಬಿಣದ ಸರಪಳಿಯ ಕೊಂಡಿಗಳನ್ನು ಇಟ್ಟಿದ್ದಾರೆ, ನಮ್ಮ ತೇರಿನ ಸರಪಳಿ ಇದರ ಮುಂದೆ ಏನೂ ಅಲ್ಲ. 1778ರಲ್ಲಿ ಬ್ರಿಟಿಷರ ಹಡಗು ಮೇಲೆ ಬರದಿರಲಿ ಎಂದು ಹಡ್ಸನ್ ನದಿಗೆ ಅಡ್ಡಲಾಗಿ ಕಟ್ಟಿದ್ದ ಸರಪಳಿ ಅದು. ಮಗುವಿಗೆ ಮಾತ್ರ ಫೋನ್ ಮಾಡಬೇಡಿ. ಮಾಡಿದರೂ ಎತ್ತುವುದಿಲ್ಲ.

ಒಳಗೆ ನಡೆಯುವುದು

ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟರೆ ಗಾಬರಿ ಆಗುವುದಿಲ್ಲ. ಹೋಸ್ಟ್ ಸಾಮಾನ್ಯವಾಗಿ ಮೊದಲ ವರ್ಷದವರು, ಅವರಿಗೆ "ಪ್ಲೀಬ್" ಎಂದು ಹೆಸರು. ಎರಡನೇ ವರ್ಷದವರು ಯರ್‌ಲಿಂಗ್, ಮೂರನೆಯವರು ಕೌ, ಕೊನೆಯವರು ಫರ್ಸ್ಟೀ. ಹೌದು, ಕೌ ಎಂದರೆ ಹಸುವೇ.

ಪ್ಲೀಬ್‌ಗಳ ಬದುಕು ಬೇರೆಯೇ. ಹೊರಗೆ ನಡೆಯುವಾಗ ಹರಟೆ ಹೊಡೆಯುವಂತಿಲ್ಲ, ಕೈ ಮುಷ್ಟಿ ಹಿಡಿದು ಬಿರಬಿರನೆ ಹೋಗಬೇಕು. ಆದ್ದರಿಂದ ಕೋಣೆಯಲ್ಲಿ ನಗುನಗುತ್ತಾ ಮಾತಾಡಿದ ಹೋಸ್ಟ್ ಬಾಗಿಲು ದಾಟಿದ ತಕ್ಷಣ ಕಲ್ಲಿನ ಹಾಗೆ ಆದರೆ ಅದು ನಿಮ್ಮ ಮಗುವಿನ ಮೇಲಿನ ಸಿಟ್ಟಲ್ಲ. ಹಿರಿಯರು ಏನಾದರೂ ಕೇಳಿದರೆ ಪ್ಲೀಬ್‌ಗಳು ಕೊಡಬಹುದಾದ ಉತ್ತರ ನಾಲ್ಕೇ: ಹೌದು ಸರ್, ಇಲ್ಲ ಸರ್, ನೆಪ ಏನೂ ಇಲ್ಲ ಸರ್, ಅರ್ಥವಾಗಲಿಲ್ಲ ಸರ್. ಮೂರನೆಯದನ್ನು ನಮ್ಮ ಮನೆಗೂ ತರಬೇಕು ಎಂದು ನನಗೆ ಆಸೆ.

ಜೊತೆಗೆ ಬಾಯಿಪಾಠ. ಲಸ್ಕ್ ಎನ್ನುವ ಅಲ್ಲಿನ ಕೆರೆಯಲ್ಲಿ ಎಷ್ಟು ನೀರಿದೆ ಎಂದರೆ 7 ಕೋಟಿ 80 ಲಕ್ಷ ಗ್ಯಾಲನ್, ಅದೂ ಕೋಡಿ ಹರಿಯುತ್ತಿರುವಾಗ. ಕಲಮ್ ಹಾಲ್‌ನಲ್ಲಿ ದೀಪ ಎಷ್ಟು? 340. ಇದನ್ನೆಲ್ಲಾ ಕೇಳಿದ ತಕ್ಷಣ ಹೇಳಬೇಕು. ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸಿದ್ದು ನೆನಪಾಗುತ್ತದೆ ಅಲ್ವಾ?

ಊಟಕ್ಕೆ ಮುಂಚೆ ಕಾರಿಡಾರಿನಲ್ಲಿ ಯಾರೋ ಗಂಟಲು ಹರಿಯುವ ಹಾಗೆ ಕೂಗುವುದು ಕೇಳಿಸುತ್ತದೆ. ಜಗಳ ಅಲ್ಲ. ಹೊರಗೆ ಸಾಲಿನಲ್ಲಿ ನಿಲ್ಲಲು ಇನ್ನೆಷ್ಟು ನಿಮಿಷ ಇದೆ, ಯಾವ ಯೂನಿಫಾರ್ಮ್, ಇವತ್ತು ಊಟಕ್ಕೆ ಏನು ಎನ್ನುವುದನ್ನು ಪ್ಲೀಬ್‌ಗಳು ಕೂಗಿ ಹೇಳಬೇಕು, ಅದು ಅವರ ಕೆಲಸ. ಆಮೇಲೆ ಸಾಲುಸಾಲಾಗಿ ವಾಷಿಂಗ್ಟನ್ ಹಾಲ್‌ಗೆ. 4,000ಕ್ಕೂ ಜಾಸ್ತಿ ಜನ ಒಟ್ಟಿಗೆ ಕೂತು ಉಣ್ಣುವ ಜಾಗ ಅದು, ಒಂದು ಮೇಜಿಗೆ 10 ಜನ. ಧರ್ಮಸ್ಥಳದ ಊಟದ ಮನೆ ನೋಡಿದ ನಮಗೂ ಆಶ್ಚರ್ಯ ಆಗುವುದು ಜನರ ಸಂಖ್ಯೆಗಲ್ಲ, ಮುಗಿಸುವ ವೇಗಕ್ಕೆ. ಪಾತ್ರೆಗಳು ಮೇಜಿಗೇ ಬರುತ್ತವೆ, ದಾಟಿಸಿಕೊಂಡು ಬಡಿಸಿಕೊಳ್ಳಬೇಕು. ಹಿರಿಯರಿಗೆ ಪಾನೀಯ ಹಾಕಿಕೊಡುವುದು ಪ್ಲೀಬ್, ಕೇಕನ್ನು ಬೇಕೆಂದವರ ಲೆಕ್ಕಕ್ಕೆ ಸರಿಯಾಗಿ ಸಮನಾಗಿ ಕತ್ತರಿಸುವುದೂ ಪ್ಲೀಬ್. ಒಂದು ಚೂರು ಹೆಚ್ಚು ಕಡಿಮೆ ಆದರೆ ಮಾತು ಕೇಳಬೇಕು. ಗೆಸ್ಟ್ ಆಗಿ ಹೋದವರು ಸುಮ್ಮನೆ ಕೂತು ತಿಂದರೆ ಸಾಕು.

ಸಸ್ಯಾಹಾರಿಗಳು ಹೊಟ್ಟೆಗಿಲ್ಲದೆ ಇರುವುದಿಲ್ಲ, ಆದರೆ ಅಡ್ಜಸ್ಟ್ ಮಾಡಿಕೊಳ್ಳಬೇಕು. ನನ್ನ ಮಗಳು ಒಂದು ಹೊತ್ತು ಬ್ರೆಡ್ಡು, ಪೀನಟ್ ಬಟರ್, ಹಣ್ಣಿನಲ್ಲೇ ಮುಗಿಸಿದಳು. ನಾಲ್ಕು ವರ್ಷ ಹೀಗೆ ಆಗುತ್ತದಾ ಎನ್ನುವ ಪ್ರಶ್ನೆಯನ್ನು ಅವಳು ಅಲ್ಲೇ ಕೇಳಿಕೊಳ್ಳಲಿ ಎಂದೇ ಈ ಭೇಟಿ.

ರಾತ್ರಿ ಓದಿನ ಹೊತ್ತು. ಹೋಸ್ಟ್ ಮನರಂಜನೆ ಮಾಡುತ್ತಾ ಕೂರುವುದಿಲ್ಲ, ಅವಳಿಗೆ ನಾಳೆಯ ಪಾಠ ಇರುತ್ತದೆ. ಮಗು ತನ್ನ ಹೋಂವರ್ಕ್ ತೆಗೆದುಕೊಂಡು ಹೋಗಿರಲಿ. ನಿಜವಾದ ಮಾತು ಬರುವುದು ಇದರ ನಡುನಡುವೆ, ಕೋಣೆಯವರು ಶೂ ಪಾಲಿಶ್ ಮಾಡುತ್ತಲೋ ಬಟ್ಟೆ ಮಡಿಸುತ್ತಲೋ ಇರುವಾಗ. 11:30ಕ್ಕೆ ಟ್ಯಾಪ್ಸ್, ಅಂದರೆ ದಿನ ಮುಗಿಯಿತು ಎನ್ನುವ ಬ್ಯೂಗಲ್, ಅಷ್ಟರಲ್ಲಿ ಎಲ್ಲರೂ ಅವರವರ ಕೋಣೆಯಲ್ಲಿರಬೇಕು. ಅಚ್ಚುಕಟ್ಟಾಗಿ ಹಾಸಿದ ಹಾಸಿಗೆ ಕೆಡದಿರಲಿ ಎಂದು ಎಷ್ಟೋ ಕೆಡೆಟ್‌ಗಳು ಅದರ ಮೇಲೆಯೇ ಒಂದು ಹಸಿರು ರಜಾಯಿ ಹೊದ್ದು ಮಲಗುತ್ತಾರೆ. ಬೆಳಗ್ಗೆ ಹಾಸಿಗೆ ಸರಿಮಾಡುವ ಸಮಯ ಉಳಿಯಿತು ಎಂದು ಲೆಕ್ಕ. ನಿದ್ದೆ ಕಡಿಮೆ ಎನ್ನುವುದು ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ಬೆಳಗ್ಗೆ ಮತ್ತೆ ಕೂಗು, ಸಾಲು, ತಿಂಡಿ, ತರಗತಿ. ತರಗತಿ ಚಿಕ್ಕದು, 20 ಜನರ ಒಳಗೆ. ಪಾಠ ಶುರುವಾಗುವ ಮುಂಚೆ ಎಲ್ಲರೂ ಎದ್ದು ಅಟೆನ್ಷನ್ ನಿಲ್ಲುತ್ತಾರೆ, ಮಗುವೂ ಎದ್ದು ನಿಂತರೆ ಸಾಕು, ಸಲ್ಯೂಟ್ ಬೇಡ. ಓದುವ ಪದ್ಧತಿ ತಿರುಗುಮುರುಗು: ಪಾಠವನ್ನು ಹಿಂದಿನ ರಾತ್ರಿಯೇ ತಾವಾಗಿ ಓದಿಕೊಂಡು ಬರಬೇಕು, ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ಲೆಕ್ಕ ಬಿಡಿಸಿ ವಿವರಿಸಬೇಕು. 1817ರಿಂದ 1833ರ ತನಕ ಮುಖ್ಯಸ್ಥರಾಗಿದ್ದ ಸಿಲ್ವೇನಸ್ ಥೇಯರ್ ಅವರ ಹೆಸರಿನಲ್ಲೇ ಅದನ್ನು ಈಗಲೂ ಕರೆಯುತ್ತಾರೆ. ಟ್ಯೂಷನ್ನಿನಲ್ಲಿ ಬಿಡಿಸಿಕೊಟ್ಟದ್ದನ್ನು ಬರೆದು ಅಭ್ಯಾಸ ಆದವರಿಗೆ ಇದು ಕಸಿವಿಸಿ. ಮಗಳಿಗೆ ಇಷ್ಟವಾದದ್ದು ಇದೇ.

ಏನು ಕೇಳಬೇಕು

ವೆಬ್‌ಸೈಟಿನಲ್ಲಿ ಇರುವುದನ್ನು ಕೇಳಿ ಆ ಹೊತ್ತನ್ನು ಹಾಳು ಮಾಡಬಾರದು. ಬಿಟ್ಟು ಹೋಗಬೇಕು ಅನ್ನಿಸಿದ್ದು ಯಾವಾಗ, ಯಾಕೆ ಹೋಗಲಿಲ್ಲ? ಶುರುವಿನ ಬೇಸಿಗೆ ತರಬೇತಿಯಲ್ಲಿ, ಅದನ್ನು "ಬೀಸ್ಟ್" ಎನ್ನುತ್ತಾರೆ, ಅತಿ ಕಷ್ಟದ ದಿನ ಯಾವುದು? ಕೊನೆಯ ಸಲ ಮನೆಗೆ ಹೋದದ್ದು ಯಾವಾಗ? ಇಂಥವು. ಹುಡುಗಿಯಾದರೆ ಹುಡುಗಿಯರ ಅನುಭವ ನೇರವಾಗಿಯೇ ಕೇಳಲಿ. 1976ರಿಂದ ಅಲ್ಲಿ ಹೆಣ್ಣುಮಕ್ಕಳಿದ್ದಾರೆ, 2016ರಿಂದ ಅವರಿಗೂ ಬಾಕ್ಸಿಂಗ್ ಕಡ್ಡಾಯ. ಕ್ಲಾಸಿನ ಬಾಕ್ಸಿಂಗೇ, ಮುಖಕ್ಕೆ ಏಟು ಬೀಳುವಂಥದ್ದು. ಅಜ್ಜಿಗೆ ನಾವಿನ್ನೂ ಹೇಳಿಲ್ಲ.

ಹೋಸ್ಟ್ ಒಬ್ಬರ ಮಾತೇ ಕೊನೆ ಅಲ್ಲ. ಪರೀಕ್ಷೆಯ ವಾರದಲ್ಲಿ ಸಿಕ್ಕಿದವಳು ಬೈಯುತ್ತಾಳೆ, ರಜೆಗೆ ಹೊರಟವಳು ಹೊಗಳುತ್ತಾಳೆ. ಮೂರು ನಾಲ್ಕು ಜನರನ್ನು ಕೇಳಲಿ, ಅದರಲ್ಲಿ ಒಬ್ಬರು ಮೂರನೇ ವರ್ಷದವರಿರಲಿ. ಯಾಕೆಂದರೆ ಮೊದಲ ಎರಡು ವರ್ಷದಲ್ಲಿ ಬಿಟ್ಟು ಹೋಗುವವರಿಗೆ ಸೈನ್ಯದ ಋಣ ಇಲ್ಲ. ಮೂರನೇ ವರ್ಷದ ಶುರುವಿನಲ್ಲಿ ಒಪ್ಪಿಕೊಂಡು ಪ್ರಮಾಣ ಮಾಡಿದ ಮೇಲೆ ಕಟ್ಟುಬಿದ್ದ ಹಾಗೆ: ಪದವಿ ಮುಗಿದು ಕನಿಷ್ಠ 5 ವರ್ಷ ಸಕ್ರಿಯ ಸೇವೆ, ಆಮೇಲೆ 3 ವರ್ಷ ಮೀಸಲು ಪಡೆ. ಫೀಸ್ ಇಲ್ಲ ಎನ್ನುವುದರ ಹಿಂದೆ ಇರುವುದು ಇದು. ಬಂಧುಗಳು "ಫ್ರೀ ಸೀಟು" ಎಂದು ಸಂಭ್ರಮಿಸುವಾಗ ನೆನಪಿರಲಿ.

ಅನಾಪೊಲಿಸ್‌ನ ನೇವಲ್ ಅಕಾಡೆಮಿಗೋ ಕೊಲರಾಡೋದ ಏರ್‌ಫೋರ್ಸ್ ಅಕಾಡೆಮಿಗೋ ಹೋಗುವವರಿಗೂ ಹೆಚ್ಚೂಕಡಿಮೆ ಇದೇ. ಅನಾಪೊಲಿಸ್‌ನಲ್ಲಿ ಎಲ್ಲರೂ ಬ್ಯಾಂಕ್ರಾಫ್ಟ್ ಹಾಲ್ ಎನ್ನುವ ಒಂದೇ ದೈತ್ಯ ಕಟ್ಟಡದಲ್ಲಿರುತ್ತಾರೆ, ದಾರಿ ತಪ್ಪುವುದು ಖಂಡಿತ, ಹೋಸ್ಟ್‌ನ ಬೆನ್ನು ಬಿಡಬಾರದು. ಕೊಲರಾಡೋದ್ದು 7,258 ಅಡಿ ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ನೀರು ಕುಡಿಯುತ್ತಲೇ ಇರಬೇಕು, ಹೋದ ದಿನವೇ ಓಡಲು ಹೋಗಬಾರದು.

ಕರೆದುಕೊಂಡು ಬರುವಾಗ

ಕಾರಿಗೆ ಹತ್ತಿದ ತಕ್ಷಣ "ಹೇಗಿತ್ತು, ಸೇರ್ತೀಯಾ?" ಎಂದು ಕೇಳಬೇಡಿ. ನಮ್ಮವಳು ಬೇರ್ ಮೌಂಟನ್ ದಾಟುವುದರೊಳಗೆ ನಿದ್ದೆ ಹೋಗಿದ್ದಳು. ಎದ್ದ ಮೇಲೆ ಮೊದಲ ಮಾತು, "ಅಮ್ಮಾ, ಅನ್ನ ಸಾರು ಇದೆಯಾ?" ಮೂರನೇ ದಿನ ತಾನಾಗಿಯೇ ಹೇಳತೊಡಗಿದಳು, ಅದೂ ಪಾತ್ರೆ ಒರೆಸುತ್ತಾ. ಇಷ್ಟವಾದದ್ದು, ಆಗದ್ದು ಎರಡನ್ನೂ ಬರೆದಿಡಲು ಹೇಳಿ, ಎರಡು ತಿಂಗಳಾದ ಮೇಲೆ ಒಳ್ಳೆಯದಷ್ಟೇ ನೆನಪಿರುತ್ತದೆ.

ಎರಡು ದಿನದೊಳಗೆ ಹೋಸ್ಟ್‌ಗೆ ಥ್ಯಾಂಕ್ಸ್ ಹೇಳಿ ಮೇಲ್ ಹಾಕಲಿ, ಮಗುವೇ ಬರೆಯಲಿ, ನೀವಲ್ಲ. ಬೇಕು ಎಂದಾದರೆ ಬಾಕಿ ಇರುವ ಮೆಡಿಕಲ್, ಫಿಟ್‌ನೆಸ್ ಪರೀಕ್ಷೆಯ ಕೆಲಸಕ್ಕೆ ಹತ್ತಿ. ಆ ಫಿಟ್‌ನೆಸ್ ಪರೀಕ್ಷೆಯಲ್ಲಿ ಮಂಡಿಯೂರಿ ಕೂತು ಬ್ಯಾಸ್ಕೆಟ್‌ಬಾಲ್ ಎಸೆಯುವುದೂ ಒಂದು, ಅಭ್ಯಾಸ ಇಲ್ಲದೆ ಯಾರಿಗೂ ದೂರ ಹೋಗುವುದಿಲ್ಲ. ಬೇಡ ಎಂದಾದರೆ ಅದನ್ನೂ ತಡ ಮಾಡದೆ ಅಡ್ಮಿಷನ್ ಆಫೀಸಿಗೂ ನಾಮಿನೇಷನ್ ಕೇಳಿದ ಸಂಸದರ ಕಚೇರಿಗೂ ಬರೆದು ತಿಳಿಸಿ. ಆ ಜಾಗಕ್ಕೆ ಕಾಯುತ್ತಿರುವ ಇನ್ನೊಂದು ಮಗು ನಿಮ್ಮ ಕ್ಷೇತ್ರದಲ್ಲೇ ಇರುತ್ತದೆ.